ಆಕಾಶವಾಣಿಯ ಪಿಟೀಲು, ಕಾರ್ಲ್ಸ್‌ಬಾಡಿನ ಕಿವಿ

ಬೆಳಗಿನ ಪ್ರಸಾರ ಶುರುವಾಗುವ ಮುನ್ನ ಆಕಾಶವಾಣಿಯಲ್ಲಿ ತಂಬೂರಿಯ ಶ್ರುತಿಯ ಮೇಲೆ ಒಂದು ಪಿಟೀಲು ಏಳುತ್ತದೆ. ಮಾತಿಲ್ಲ, ಮೃದಂಗವಿಲ್ಲ. ಕೆಲವೇ ಸ್ವರಗಳ ಒಂದು ಎಳೆ ಮೇಲೇರಿ, ಅಲ್ಲೇ ಸುಳಿದು, ಕೆಳಗಿಳಿಯುತ್ತದೆ. ಕನ್ನಡನಾಡಿನಲ್ಲಿ ಎರಡು ಮೂರು ತಲೆಮಾರು ಈ ಎಳೆ ಕೇಳುತ್ತಲೇ ಹಾಲು ಕಾಯಿಸಿದೆ, ಗದ್ದೆಗೆ ಹೊರಟಿದೆ, ಪರೀಕ್ಷೆಯ ಪುಸ್ತಕ ಬಿಡಿಸಿದೆ. ಆಕಾಶವಾಣಿ ಎಂಬ ಹೆಸರು ನಮ್ಮದೇ ಎಂಬ ಹೆಮ್ಮೆಯೂ ನಮಗಿದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಆರಂಭಿಸಿದ ಪುಟ್ಟ ಬಾನುಲಿ ಕೇಂದ್ರದ ಹೆಸರು ಅದು. 1950ರ ದಶಕದಲ್ಲಿ ದೇಶದ ಬಾನುಲಿಗೆಲ್ಲ ಅದೇ ಹೆಸರಾಯಿತು. ಹೆಸರು ಮೈಸೂರಿನದಾದರೆ ಆ ಸಿಗ್ನೇಚರ್ ಟ್ಯೂನು ಎಲ್ಲಿಯದು? ಅದನ್ನು ಕಟ್ಟಿದವನೆಂದು ಹೆಚ್ಚಿನವರು ಒಪ್ಪುವುದು ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರನನ್ನು. 1907ರ ಏಪ್ರಿಲ್ 1ರಂದು ಬೊಹೀಮಿಯಾದ ಕಾರ್ಲ್ಸ್‌ಬಾಡಿನಲ್ಲಿ, ಅಂದರೆ ಇಂದಿನ ಚೆಕ್ ದೇಶದ ಕಾರ್ಲೊವಿ ವಾರಿಯಲ್ಲಿ, ಹುಟ್ಟಿದ ಆತನ ಮೂಲ ಕಸುಬು ವಾದ್ಯವೃಂದದ ಕಂಡಕ್ಟರಿಕೆ.

ಇಲ್ಲಿ ಎರಡು ಪದಗಳ ಗೊಂದಲ ಬಿಡಿಸಿಕೊಳ್ಳಬೇಕು. ಕಂಡಕ್ಟರ್ ಎಂದರೆ ನಮಗೆ ಬಸ್ಸಿನಲ್ಲಿ ಟಿಕೆಟ್ ಹರಿಯುವವರು. ಆರ್ಕೆಸ್ಟ್ರಾ ಎಂದರೆ ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ತಂಡ. ಯುರೋಪಿನ ವಾದ್ಯವೃಂದದ ಕಂಡಕ್ಟರ್ ಎಂದೊಡನೆ ಕಣ್ಣಿಗೆ ಬರುವುದು ಕಪ್ಪು ಕೋಟು, ಕೈಯಲ್ಲೊಂದು ಕಡ್ಡಿ, ಎಪ್ಪತ್ತೆಂಬತ್ತು ಜನರ ಮೇಲೆ ದರ್ಬಾರು. ಈ ಚಿತ್ರ ಮನಸ್ಸಿನಲ್ಲಿದ್ದರೆ ಕೌಫ್‌ಮನ್‌ನ ಬದುಕು ದಿಕ್ಕೆಟ್ಟಂತೆ ತೋರುತ್ತದೆ. ಬರ್ಲಿನ್ನಿನ ಅಪೆರಾ, ಮುಂಬಯಿಯ ಜಿಮಖಾನಾ, ಬಾನುಲಿ, ಹಿಂದಿ ಸಿನಿಮಾ, ಗೊಂಡರ ಹಾಡು, ಕೆನಡಾದ ಹಿಮದಲ್ಲೊಂದು ವಾದ್ಯವೃಂದ, ಕೊನೆಗೆ ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಕೂತು ದಕ್ಷಿಣಾದಿ ರಾಗಗಳ ಪಟ್ಟಿ. ಆತನ ಕಥೆ ಹೇಳುವವರು ಇದನ್ನು ಎರಡು ಬಗೆಯಲ್ಲಿ ಹೇಳುತ್ತಾರೆ. ಹಿಟ್ಲರನಿಲ್ಲದಿದ್ದರೆ ದೊಡ್ಡ ಕಂಡಕ್ಟರ್ ಆಗಬಹುದಾಗಿದ್ದವನು ಚೂರುಚೂರಾಗಿ ಹೋದ ಎಂಬ ಮರುಕ ಒಂದು ಬಗೆ. ನಮ್ಮ ರೇಡಿಯೋ ಟ್ಯೂನು ಮಾಡಿದ್ದು ಯಾರೋ ಯಹೂದಿಯಂತೆ ಎಂಬ ಕ್ವಿಜ್ಜಿನ ಬೆರಗು ಇನ್ನೊಂದು. ಎರಡಕ್ಕೂ ನನ್ನ ತಕರಾರಿದೆ. ಈ ಕೆಲಸಗಳೆಲ್ಲ ಒಂದೇ ಕಸುಬಿನ ಮುಂದುವರಿಕೆ, ಆ ಕಸುಬಿನ ಬೇರು ಕಡ್ಡಿಯಲ್ಲಿ ಇರಲಿಲ್ಲ, ಕಿವಿಯಲ್ಲಿತ್ತು ಎನ್ನುವುದು ನನ್ನ ವಾದ.

ಮಧ್ಯ ಯುರೋಪಿನಲ್ಲಿ ಅಂದು ಕಂಡಕ್ಟರ್ ತಯಾರಾಗುತ್ತಿದ್ದ ರೀತಿಯನ್ನೇ ನೋಡಿ. ಅಲ್ಲಿ ಕಪೆಲ್‌ಮೈಸ್ಟರ್ ಎಂಬ ಹಳೆಯ ಹುದ್ದೆಯೊಂದಿತ್ತು. ಅದಕ್ಕೆ ಏರುವ ಮೊದಲು ಹುಡುಗ ವರ್ಷಗಟ್ಟಲೆ ಪಿಯಾನೋ ಮುಂದೆ ಕೂತು ಗಾಯಕರಿಗೆ ಪಾಠ ಮಾಡಿಸಬೇಕು, ಕಳೆದುಹೋದ ವಾದ್ಯದ ಹಾಳೆಯನ್ನು ರಾತ್ರೋರಾತ್ರಿ ನಕಲು ಮಾಡಬೇಕು, ಕೊಂಬಿನವನು ಬಾರದಿದ್ದರೆ ಆ ಸಾಲನ್ನು ಇನ್ನೊಂದು ವಾದ್ಯಕ್ಕೆ ಹಂಚಬೇಕು. ಇಂದು ವಾಗ್ನರ್, ನಾಳೆ ವಾಲ್ಟ್ಸ್. ಕಾರ್ಲ್ಸ್‌ಬಾಡ್ ಬಿಸಿನೀರಿನ ಬುಗ್ಗೆಗಳ ಊರು. ರೋಗ ವಾಸಿಯಾಗಲೆಂದು ಬಂದ ಸಿರಿವಂತರು ಲೋಟದಲ್ಲಿ ಬುಗ್ಗೆಯ ನೀರು ಹೀರುತ್ತ ಅಡ್ಡಾಡುವಾಗ ಪಕ್ಕದಲ್ಲಿ ವಾದ್ಯವೃಂದ ನುಡಿಯುತ್ತಿತ್ತು. ಅಂಥ ಊರಿನಲ್ಲಿ ಬೆಳೆದ ಕೌಫ್‌ಮನ್ ಬರ್ಲಿನ್ನಿನ ಸಂಗೀತ ಶಾಲೆಯಲ್ಲಿ ಫ್ರಾನ್ಸ್ ಶ್ರೇಕರ್ ಬಳಿ ರಚನೆ ಕಲಿತ, ಷಾರ್ಲೊಟನ್‌ಬುರ್ಗ್ ಅಪೆರಾದಲ್ಲಿ ಬ್ರೂನೋ ವಾಲ್ಟರ್‌ನಂಥ ಘಟಾನುಘಟಿಗೆ ಸಹಾಯಕನಾದ, ಬೇಸಿಗೆಯಲ್ಲಿ ತನ್ನೂರಿನಲ್ಲೂ ನೆರೆಯ ಎಗರ್‌ನಲ್ಲೂ ಅಪೆರಾ ನಡೆಸಿದ. ಬರ್ಲಿನ್ನಿನಲ್ಲಿ ಆತನಿಗೆ ಕುರ್ಟ್ ಸಾಕ್ಸ್‌ನ ಪಾಠವೂ ದೊರೆಯಿತು. ಜಗತ್ತಿನ ವಾದ್ಯಗಳನ್ನೆಲ್ಲ ವರ್ಗೀಕರಿಸಿದ ವಿದ್ವಾಂಸ ಅವನು. ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದಲ್ಲಿ ಕೌಫ್‌ಮನ್ ರಚನಕಾರ ಮಾಲರ್ ಮೇಲೆ ಡಾಕ್ಟರೇಟಿನ ಪ್ರಬಂಧವನ್ನೂ ಬರೆದು ಮುಗಿಸಿದ. ಆದರೆ ತನ್ನ ಪ್ರಾಧ್ಯಾಪಕ ಗುಸ್ಟಾವ್ ಬೆಕಿಂಗ್ ನಾತ್ಸಿಗಳ ಕಡೆಯವನೆಂದು ತಿಳಿದಾಗ ಪದವಿಯೇ ಬೇಡವೆಂದ. ಮುಂದೆ ಪ್ರಾಧ್ಯಾಪಕನಾಗಿ ಇಪ್ಪತ್ತು ವರ್ಷ ಪಾಠ ಹೇಳಿದವನು ಹೀಗೆ ಕೈಗೆ ಬಂದ ಡಾಕ್ಟರೇಟನ್ನು ಬಿಟ್ಟುಕೊಟ್ಟು ಹೊರಟವನು.

1934ರ ಆರಂಭದಲ್ಲಿ ಆತ ಮುಂಬಯಿಗೆ ಬಂದ. ಯಾಕೆ ಭಾರತ ಎಂದರೆ ವೀಸಾ ಸುಲಭವಾಗಿ ಸಿಕ್ಕಿತು ಎಂದು ಆತನೇ ಹೇಳಿಕೊಂಡಿದ್ದಾನೆ. ನನ್ನ ವಾದಕ್ಕೆ ಎದುರಾಗಿ ಮೊದಲು ಏಳುವ ಆಕ್ಷೇಪವೂ ಇದೇ: ಪ್ರಾಣ ಉಳಿಸಿಕೊಳ್ಳಲು ಓಡಿದವನು ಸಿಕ್ಕ ಕೆಲಸ ಮಾಡುತ್ತಾನೆ, ಅದರಲ್ಲಿ ಏಕಸೂತ್ರ ಹುಡುಕುವುದು ನಂತರದವರ ಕಟ್ಟುಕಥೆ. ಇದರಲ್ಲಿ ನಿಜವಿದೆ, ಆದರೆ ಅರ್ಧ. ಓಡಬೇಕಾಗಿ ಬಂದುದಕ್ಕೆ ಹಿಟ್ಲರ್ ಕಾರಣ; ಬಂದಲ್ಲಿ ಏನು ಕೇಳಿಸಿಕೊಂಡ ಎಂಬುದಕ್ಕೆ ಹಿಟ್ಲರ್ ಕಾರಣನಲ್ಲ. ಅಂದು ಮುಂಬಯಿಗೆ ಬಂದ ಯುರೋಪಿಯನ್ ಸಂಗೀತಗಾರನಿಗೆ ಹೋಟೆಲಿನ ನೃತ್ಯದ ಬ್ಯಾಂಡು ಇತ್ತು, ಸಾಹೇಬರ ಮಕ್ಕಳಿಗೆ ಪಿಯಾನೋ ಪಾಠವಿತ್ತು. ಹಿಂದೂಸ್ತಾನಿ ಸಂಗೀತದ ಗೊಡವೆಗೇ ಹೋಗದೆ ಬದುಕಬಹುದಿತ್ತು. ಕೌಫ್‌ಮನ್‌ಗೆ ನಮ್ಮ ಸಂಗೀತದ ಧ್ವನಿಮುದ್ರಿಕೆಗಳನ್ನು ಮೊದಮೊದಲು ಕೇಳಿದಾಗ ತಲೆಬುಡ ತಿಳಿದಿರಲಿಲ್ಲ. ಅಷ್ಟೊಂದು ಜನ ಮನಸ್ಸಿಟ್ಟು ಕಟ್ಟಿ, ಕೋಟ್ಯಂತರ ಜನ ಪ್ರೀತಿಯಿಂದ ಕೇಳುವ ಸಂಗೀತ ತನಗೆ ಹಿಡಿಸದಿದ್ದರೆ ದೋಷ ತನ್ನದೇ ಇರಬೇಕು, ಹುಟ್ಟಿದ ಜಾಗಕ್ಕೇ ಹೋಗಿ ಕಲಿಯಬೇಕು ಎಂದು ಆತ ತರ್ಕಿಸಿದ್ದನ್ನು ನೆನಪಿನ ಬರಹದಲ್ಲಿ ದಾಖಲಿಸಿದ್ದಾನೆ. ಸಾಧಾರಣ ವಾಕ್ಯವಲ್ಲ ಇದು. 1930ರ ದಶಕದಲ್ಲಿ ನಮ್ಮ ಹಾಡಿಕೆಯನ್ನು ಗೋಳಾಟವೆಂದು ನಕ್ಕ ಯುರೋಪಿಯನ್ನರಿಗೆ ಬರವಿರಲಿಲ್ಲ. ಹೊಸ ಕೃತಿಯ ಹಾಳೆ ಕೈಗೆ ಬಂದಾಗ ಕಪೆಲ್‌ಮೈಸ್ಟರ್ ಮಾಡುವ ಕೆಲಸವೂ ಇದೇ ತಾನೇ? ಮೊದಲ ನೋಟಕ್ಕೆ ಅರ್ಥವಾಗಲಿಲ್ಲವೆಂದು ಅವನು ಕೃತಿಯನ್ನು ಬಯ್ಯುವಂತಿಲ್ಲ, ಇನ್ನೊಮ್ಮೆ ಓದಬೇಕು.

ಬಂದ ಕೆಲವೇ ತಿಂಗಳಲ್ಲಿ ಆತ ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿಯನ್ನು ಕಟ್ಟಿದ. ಪಿಟೀಲಿಗೆ ಮೆಹ್ಲಿ ಮೆಹ್ತಾ, ಚೆಲ್ಲೋಗೆ ಇಟಲಿಯ ಎಡಿಜಿಯೋ ವೆರ್ಗಾ, ಪಿಯಾನೋಗೆ ತಾನು. ಪ್ರತಿ ಗುರುವಾರ ವಿಲ್ಲಿಂಗ್ಡನ್ ಜಿಮಖಾನಾದಲ್ಲಿ ಕಛೇರಿ. 1937ರ ಮೇ ಹೊತ್ತಿಗೆ 136 ಕಛೇರಿಗಳಾಗಿದ್ದವು. ಲೆಕ್ಕ ಹಾಕಿದರೆ ಮೂರು ವರ್ಷಕ್ಕೆ 156 ವಾರ; ಮಳೆಗಾಲ, ರಜೆ, ಜ್ವರ ಕಳೆದರೆ ಗುರುವಾರ ತಪ್ಪಿದ್ದೇ ಅಪರೂಪ. ಮೂರು ನಾಲ್ಕು ಜನ ಇಟ್ಟುಕೊಂಡು ವಾರ ತಪ್ಪದೆ ನುಡಿಸುವುದೆಂದರೆ ಇರುವ ವಾದ್ಯಕ್ಕೆ ಇರುವ ಸಂಗೀತವನ್ನು ಹೊಲಿಯುವ ದರ್ಜಿಯ ಕೆಲಸ. ಬುಗ್ಗೆಯೂರಿನ ಪಾಠ ಇಲ್ಲಿ ಕೈಹಿಡಿಯಿತು. ಮೆಹ್ಲಿ ಅವರ ಮನೆಯಲ್ಲಿ 1936ರಲ್ಲಿ ಹುಟ್ಟಿದ ಮಗು ಜುಬಿನ್ ಮೆಹ್ತಾ, ಮುಂದೆ ಜಗತ್ತಿನ ದೊಡ್ಡ ವಾದ್ಯವೃಂದಗಳ ಮುಂದೆ ನಿಂತವರು. ಕೌಫ್‌ಮನ್‌ನನ್ನು ಸೇರಲು ಬಂದ ಹೆಂಡತಿ ಗೆರ್ಟಿ ಸಾಹಿತಿ ಫ್ರಾನ್ಸ್ ಕಾಫ್ಕಾನ ತಂಗಿಯರಲ್ಲಿ ಒಬ್ಬಳ ಮಗಳು. ಆ ಕಾಲದ ಮುಂಬಯಿ ಎಂಥೆಂಥವರಿಗೆ ಮನೆ ಕೊಟ್ಟಿತ್ತು!

1937ರಲ್ಲಿ ಆಲ್ ಇಂಡಿಯಾ ರೇಡಿಯೋದ ಮುಂಬಯಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಆತನ ಪಾಲಿಗೆ ಬಂತು. ಅದೇ ಕಾಲಕ್ಕೆ ದೆಹಲಿ ಕೇಂದ್ರದಲ್ಲಿದ್ದವನು ಇಂಗ್ಲೆಂಡಿನ ರಚನಕಾರ ಜಾನ್ ಫೌಲ್ಡ್ಸ್. ಅವನೂ ನಮ್ಮ ವಾದ್ಯಗಾರರನ್ನು ಕೂಡಿಸಿ ವೃಂದ ಕಟ್ಟಲು ಹೊರಟವನೇ. ಭಾರತೀಯ ಸಂಗೀತಕ್ಕೆ ಹಾರ್ಮೋನಿಯಂ ಕೇಡು ಎಂದು ಗಟ್ಟಿಯಾಗಿ ಬರೆದ. 1939ರಲ್ಲಿ ಕಲ್ಕತ್ತೆಯಲ್ಲಿ ಕಾಲರಾಕ್ಕೆ ಬಲಿಯಾದ. ಮರುವರ್ಷವೇ ರೇಡಿಯೋ ಹಾರ್ಮೋನಿಯಂಗೆ ನಿಷೇಧ ಹೇರಿತು. ಆ ನಿಷೇಧದ ಸರಿತಪ್ಪು ಬೇರೆಯೇ ಚರ್ಚೆ. ಹಾರ್ಮೋನಿಯಂನ ಮೇಲೆಯೇ ನಾಟಕ ಕಂಪನಿಗಳನ್ನು ಸಾಕಿದ ನಮಗಂತೂ ಅದು ಸಿಟ್ಟು ತರಿಸುವಂಥದ್ದೇ. ಇಲ್ಲಿ ಗಮನಿಸಬೇಕಾದದ್ದು ಸ್ವಭಾವದ ಭೇದ. ಫೌಲ್ಡ್ಸ್ ನಮ್ಮ ಸಂಗೀತಕ್ಕೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ತೀರ್ಪು ಕೊಟ್ಟ. ಕೌಫ್‌ಮನ್ ತೀರ್ಪಿಗೆ ಹೋಗಲಿಲ್ಲ. ಬಾನುಲಿಗಾಗಿ ‘ಅನಸೂಯಾ’ ಎಂಬ ಅಪೆರಾ ಬರೆದ, ಮೋಹನ್ ಭವನಾನಿ ಅವರ ಸಿನಿಮಾಗಳಿಗೆ ದುಡಿದ. ಪ್ರಾಗ್‌ನ ಗೆಳೆಯ, ಪತ್ರಕರ್ತ ವಿಲಿ ಹಾಸ್‌ಗೆ ನಾತ್ಸಿಗಳಿಂದ ತಪ್ಪಿಸಿಕೊಂಡು ಮುಂಬಯಿಗೆ ಬರಲು ನೆರವಾದ. ಹಾಸ್ ಅದೇ ಭವನಾನಿ ಅವರಿಗೆ ಚಿತ್ರಕಥೆ ಬರೆಯತೊಡಗಿದ. ಇವೆಲ್ಲದರ ನಡುವೆ ಕೌಫ್‌ಮನ್ ಮಧ್ಯ ಭಾರತದ ಗೊಂಡ ಮತ್ತು ಬೈಗಾ ಜನರ ಹಾಡುಗಳನ್ನು ಸ್ವರಲಿಪಿಗಿಳಿಸಿ 1941ರಲ್ಲಿ ಅಮೆರಿಕದ ಸಂಗೀತ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ.

ಇನ್ನು ಆ ಟ್ಯೂನು. ಅದು ಕೌಫ್‌ಮನ್‌ನದೇ ಎನ್ನುವುದಕ್ಕೆ ತಕರಾರುಗಳಿವೆ, ಬೇರೆ ಭಾರತೀಯ ಸಂಗೀತಗಾರರ ಹೆಸರುಗಳೂ ಕೇಳಿಬಂದಿವೆ. ಟ್ಯೂನು ಹುಟ್ಟಿದ್ದು 1936ರಲ್ಲಿ ಎನ್ನುತ್ತಾರೆ, ಆತ ಹುದ್ದೆಗೆ ಬಂದದ್ದು 1937ರಲ್ಲಿ; ಈ ಒಂದು ವರ್ಷದ ಕಂದರವನ್ನೂ ಸಂಶಯಪಡುವವರು ಎತ್ತಿ ತೋರಿಸಬಹುದು. ಹುದ್ದೆಗೆ ಮುನ್ನವೇ ಆತ ಮುಂಬಯಿಯಲ್ಲಿದ್ದ, ಹೆಸರು ಮಾಡಿದ್ದ, ಪಿಟೀಲು ನುಡಿಸಿದವರೆಂದು ಹೇಳಲಾಗುವ ಮೆಹ್ಲಿ ಮೆಹ್ತಾ ಪ್ರತಿ ಗುರುವಾರ ಆತನ ಪಕ್ಕದಲ್ಲೇ ಕೂರುತ್ತಿದ್ದರು ಎಂಬುದು ಅದಕ್ಕೆ ಉತ್ತರ. ಇದರಿಂದ ಕೋರ್ಟಿನಲ್ಲಿ ಗೆಲ್ಲಲಾಗದು, ಸಂಭಾವ್ಯತೆಯ ತಕ್ಕಡಿ ಮಾತ್ರ ಆತನ ಕಡೆಗೇ ವಾಲುತ್ತದೆ. ಟ್ಯೂನನ್ನೇ ಕೇಳಿದರೆ ಇನ್ನೊಂದು ಸಾಕ್ಷ್ಯ ಸಿಗುತ್ತದೆ. ಜನ ಅದರಲ್ಲಿ ಶಿವರಂಜನಿ ರಾಗವನ್ನು ಗುರುತಿಸುತ್ತಾರೆ: ಷಡ್ಜ, ರಿಷಭ, ಕೋಮಲ ಗಾಂಧಾರ, ಪಂಚಮ, ಧೈವತ, ಐದೇ ಸ್ವರ. ಆದರೆ ನಮ್ಮ ವಿದ್ವಾಂಸರೊಬ್ಬರು ಶಿವರಂಜನಿಯನ್ನು ಎತ್ತಿಕೊಂಡರೆ ಗಾಂಧಾರವನ್ನು ಸವರಿ, ತೂಗಿ, ಒಂದೊಂದೇ ಹೆಜ್ಜೆ ಇಡುತ್ತಾರೆ. ಈ ಪಿಟೀಲು ಹಾಗೆ ತಡೆಯುವುದಿಲ್ಲ. ಒಂದು ವಾಕ್ಯ ಹೇಳುತ್ತದೆ, ಅದನ್ನು ತುಸು ಬದಲಿಸಿ ಮತ್ತೆ ಹೇಳುತ್ತದೆ. ರಾಗ ಇಲ್ಲಿಯದು, ವಾಕ್ಯರಚನೆ ಅಲ್ಲಿಯದು. ಹಿಂದೂಸ್ತಾನಿ ಉಸ್ತಾದರೊಬ್ಬರು ಹೀಗೆ ಮಾಡುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಅದೇ ಕಾಲದ ಮೈಸೂರನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಟ್ಯೂನಿನ ಬೆಲೆ ಇನ್ನೂ ಸ್ಪಷ್ಟ. ಅರಮನೆಯಲ್ಲಿ ವೀಣೆಯೂ ಇತ್ತು, ಬ್ಯಾಂಡೂ ಇತ್ತು. ಓಟೋ ಷ್ಮಿಟ್ ಎಂಬ ಜರ್ಮನ್ ಕಂಡಕ್ಟರನಿದ್ದ. ನಮ್ಮ ಕೃತಿಗಳನ್ನು ಪಾಶ್ಚಾತ್ಯ ವಾದ್ಯಗಳಿಗೆ ಅಳವಡಿಸಿ ನುಡಿಸುತ್ತಿದ್ದರು. ಆ ಪ್ರಯೋಗ ಕೂಡಿಸುವ ದಾರಿಯದು, ರಾಗಕ್ಕೆ ಹಿತ್ತಾಳೆಯ ಮೆರುಗು. ಮುಂದೆ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಹಣಕೊಟ್ಟು ಪೊರೆದರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಮೊದಲ ಸಲ ಲೋಕಕ್ಕೆ ಕೇಳಿಸಿದ್ದು ಅವರ ಹಣದಿಂದಲೇ. ಕೌಫ್‌ಮನ್‌ನದು ಕಳೆಯುವ ದಾರಿ. ಸಾಮರಸ್ಯದ ಸ್ವರಗುಚ್ಛಗಳನ್ನೇ ಉಂಡು ಬೆಳೆದ ಕಂಡಕ್ಟರ್, ದೇಶಕ್ಕೆಲ್ಲ ಕೇಳಿಸುವ ಒಂದು ನಿಮಿಷ ಕೈಗೆ ಸಿಕ್ಕಾಗ, ಇಡೀ ವೃಂದವನ್ನು ಬಿಟ್ಟು ತಂಬೂರಿಯ ಆಸರೆ ಹಿಡಿದ. ನಮಗೆ ಅದು ಪರಕೀಯ ಎನ್ನಿಸದೆ ಇರಲು ಇನ್ನೊಂದು ಕಾರಣವೂ ಇದೆ. ಪಿಟೀಲೇ ಯುರೋಪಿನಿಂದ ಬಂದು ನಮ್ಮ ಮನೆಯಳಿಯನಾದ ವಾದ್ಯ, ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದ ಮೇಲೆ ಯಾರೂ ಅದರ ಊರು ಕೇಳುತ್ತಿರಲಿಲ್ಲ.

1946ರಲ್ಲಿ ಕೌಫ್‌ಮನ್ ಭಾರತ ಬಿಟ್ಟ. ಲಂಡನ್ನಿನಲ್ಲಿ ಸ್ವಲ್ಪ ಕಾಲ, ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಪಿಯಾನೋ ಪಾಠ, ಆಮೇಲೆ 1948ರಲ್ಲಿ ವಿನಿಪೆಗ್. ಅಲ್ಲಿ ಹೊಸದಾಗಿ ಹುಟ್ಟಿದ್ದ ಸಿಂಫನಿ ವಾದ್ಯವೃಂದಕ್ಕೆ ಮೊದಲ ಕಂಡಕ್ಟರ್ ಆತನೇ. ಆ ಡಿಸೆಂಬರಿನಲ್ಲಿ ಮೊದಲ ಕಛೇರಿ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ಚಳಿಯ ಊರು. ಸುಮಾರು ಒಂಬತ್ತು ವರ್ಷ ಆತ ಆ ವೃಂದವನ್ನು ಕಾಲಮೇಲೆ ನಿಲ್ಲಿಸಿದ, ಅಲ್ಲಿನ ಬ್ಯಾಲೆ ತಂಡಕ್ಕೂ ಸಂಗೀತ ಬರೆದುಕೊಟ್ಟ. ಪಾಶ್ಚಾತ್ಯರ ಲೆಕ್ಕದಲ್ಲಿ ಕಂಡಕ್ಟರನ ನಿಜವಾದ ವೃತ್ತಿ ಇದೊಂದೇ, ಹಾಗಾಗಿ ಇಲ್ಲೇ ಎರಡನೆಯ ಆಕ್ಷೇಪ ಏಳುತ್ತದೆ: ಆತ ಬ್ರೂನೋ ವಾಲ್ಟರ್ ಆಗಲಿಲ್ಲವಲ್ಲ? ಆಗಲಿಲ್ಲ. ವಿನಿಪೆಗ್ ವಿಯೆನ್ನಾ ಅಲ್ಲ. ಆತನನ್ನು ಮೊದಲ ಸಾಲಿನ ಕಂಡಕ್ಟರ್ ಎಂದು ಕರೆಯಲು ನನಗೆ ಯಾವ ಆಧಾರವೂ ಇಲ್ಲ, ಕರೆಯುವ ಹಟವೂ ಇಲ್ಲ. ಆದರೆ ಯಾವುದೋ ಒಂದು ದೊಡ್ಡ ಊರಿನ ವೇದಿಕೆಯನ್ನೇ ಅಳತೆಗೋಲು ಮಾಡಿಕೊಂಡರೆ, ಇಲ್ಲದ ಕಡೆ ವಾದ್ಯವೃಂದ ಹುಟ್ಟಿಸುವವರ ಕೆಲಸ ಲೆಕ್ಕಕ್ಕೇ ಬರುವುದಿಲ್ಲ. ಮುಂಬಯಿಯ ಗುರುವಾರಗಳನ್ನು ನಡೆಸಿದ ಕೈಯೇ ವಿನಿಪೆಗ್ಗನ್ನೂ ಕಟ್ಟಿದ್ದು.

1957ರಲ್ಲಿ ಐವತ್ತರ ವಯಸ್ಸಿನಲ್ಲಿ ಆತ ಕಡ್ಡಿ ಕೆಳಗಿಟ್ಟು ಇಂಡಿಯಾನಾ ವಿಶ್ವವಿದ್ಯಾಲಯದ ಸಂಗೀತ ಶಾಲೆಗೆ ಹೋದ. ಸಿಕ್ಕ ಕೆಲಸ ಮಾಡಿದ ನಿರಾಶ್ರಿತ ಎಂಬ ವಾದ ಪೂರಾ ಬೀಳುವುದು ಇಲ್ಲಿ. ಈಗ ಯಾರೂ ಓಡಿಸುತ್ತಿರಲಿಲ್ಲ, ಸಂಬಳ ಖಾತ್ರಿ, ಬ್ಲೂಮಿಂಗ್ಟನ್ ಊರೂ ಶಾಂತ. ಮೋಟ್ಸಾರ್ಟ್ ಪಾಠ ಹೇಳಿ ನಿವೃತ್ತನಾಗಬಹುದಿತ್ತು. ಅದನ್ನು ಬಿಟ್ಟು ಪೂರ್ವದೇಶಗಳ ಸ್ವರಲಿಪಿಗಳ ಮೇಲೆ 1967ರಲ್ಲಿ, ಉತ್ತರ ಭಾರತದ ರಾಗಗಳ ಮೇಲೆ 1968ರಲ್ಲಿ, ದಕ್ಷಿಣ ಭಾರತದ ರಾಗಗಳ ಮೇಲೆ 1976ರಲ್ಲಿ ಒಂದೊಂದು ಹೆಬ್ಬೊತ್ತಿಗೆ ತಂದ. ನಡುವೆ ಟಿಬೆಟಿನ ಬೌದ್ಧರ ಮಂತ್ರಪಠನದ ಮೇಲೂ ಒಂದು. ದಕ್ಷಿಣದ ಪುಸ್ತಕದ ಉಪಶೀರ್ಷಿಕೆಯಲ್ಲೇ ಇದು ಸ್ವರಶ್ರೇಣಿಗಳ ಪಟ್ಟಿ ಎಂದು ಹೇಳಿಬಿಟ್ಟಿದ್ದಾನೆ. 72 ಮೇಳಗಳು, ಅವುಗಳ ಕೆಳಗೆ ಜನ್ಯರಾಗಗಳು, ಒಂದೊಂದರ ಆರೋಹಣ ಅವರೋಹಣ ಯುರೋಪಿನ ಐದು ಗೆರೆಗಳ ಲಿಪಿಯಲ್ಲಿ. ಆ 72ರ ಚೌಕಟ್ಟನ್ನು ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ವೆಂಕಟಮಖಿ ತಂಜಾವೂರಿನಲ್ಲಿ ಮಂತ್ರಿಯಾಗಿದ್ದ ಕನ್ನಡಿಗ ಗೋವಿಂದ ದೀಕ್ಷಿತರ ಮಗ.

ಸಂಗೀತ ಬಲ್ಲ ಕನ್ನಡಿಗರು ಇಲ್ಲಿ ಕೈ ಎತ್ತುವುದು ಖಂಡಿತ. ಆರೋಹಣ ಅವರೋಹಣ ಬರೆದರೆ ರಾಗ ಬಂತೇ? ಆರಭಿಗೂ ದೇವಗಾಂಧಾರಿಗೂ ಮೆಟ್ಟಿಲು ಒಂದೇ; ಹತ್ತುವಾಗ ಗಾಂಧಾರ ನಿಷಾದ ಬಿಟ್ಟು, ಇಳಿಯುವಾಗ ಏಳೂ ಸ್ವರ. ಆದರೆ ಆರಭಿ ಬೀಸುಗಾಲು ಹಾಕಿ ನಡೆಯುತ್ತದೆ, ದೇವಗಾಂಧಾರಿ ಜೋಕಾಲಿಯಾಡುತ್ತ ಇಳಿಯುತ್ತದೆ. ಗಮಕದಲ್ಲಿರುವ ಈ ಭೇದ ಐದು ಗೆರೆಗಳ ಜರಡಿಯಲ್ಲಿ ಸೋರಿಹೋಗುತ್ತದೆ. ಆಕ್ಷೇಪ ನ್ಯಾಯವಾದದ್ದು, ಅದನ್ನು ತಳ್ಳಿಹಾಕುವ ಉತ್ತರ ನನ್ನಲ್ಲಿಲ್ಲ. ಪಟ್ಟಿಯನ್ನು ಪಟ್ಟಿ ಎಂದೇ ಕರೆದ ಪ್ರಾಮಾಣಿಕತೆ ಪುಸ್ತಕಕ್ಕಿದೆ ಎಂದಷ್ಟೇ ಹೇಳಬಲ್ಲೆ. ಜೊತೆಗೆ ಇನ್ನೊಬ್ಬ ಜರ್ಮನ್ ಭಾಷಿಕನ ನೆನಪು. 1894ರಲ್ಲಿ ಹೊರಬಂದ ಕಿಟ್ಟೆಲ್ ನಿಘಂಟನ್ನು ಓದಿ ಯಾರೂ ಕನ್ನಡ ಮಾತಾಡಲು ಕಲಿಯಲಿಲ್ಲ. ಧಾರವಾಡದ ‘ಹೌದಲ್ರೀ’ ಎನ್ನುವಾಗಿನ ಏರಿಳಿತ ಅದರಲ್ಲಿಲ್ಲ. ಹಾಗೆಂದು ಕಿಟ್ಟೆಲ್ ಕನ್ನಡಕ್ಕೆ ಅನ್ಯಾಯ ಮಾಡಿದ ಎನ್ನುವವರನ್ನು ನಾವು ನಂಬುವುದಿಲ್ಲ. ನಿಘಂಟು ಹೊರಗಿನವನಿಗೆ ಬಾಗಿಲು, ಒಳಗಿನವನಿಗೆ ಕಪಾಟು. ಕೌಫ್‌ಮನ್‌ನ ಸಂಪುಟಗಳೂ ಅಂಥವು. ಮೊದಲು ಕೇಳಿದಾಗ ತನಗೆ ಬಾಗಿಲೇ ಕಾಣದಿದ್ದ ಗೋಡೆಯಲ್ಲಿ, ನಲವತ್ತು ವರ್ಷದ ಮೇಲೆ, ಇನ್ನೊಬ್ಬ ಪರದೇಶಿಗಾಗಿ ಬಾಗಿಲು ಕೊರೆದಿಟ್ಟ.

1977ರಲ್ಲಿ ನಿವೃತ್ತನಾದ ಕೌಫ್‌ಮನ್ 1984ರ ಸೆಪ್ಟೆಂಬರಿನಲ್ಲಿ ಬ್ಲೂಮಿಂಗ್ಟನ್ನಿನಲ್ಲೇ ತೀರಿಕೊಂಡ. ಆತ ಬರೆದ ಸಂಗೀತದ ಬಹುಪಾಲು ಹಸ್ತಪ್ರತಿಯಲ್ಲೇ ಉಳಿದಿತ್ತು. 2020ರಲ್ಲಿ ಟೊರಾಂಟೋದ ಎ.ಆರ್.ಸಿ. ಎನ್ಸೆಂಬಲ್ ಎಂಬ ತಂಡ ಆತನ ಚೇಂಬರ್ ಕೃತಿಗಳ ಒಂದು ಧ್ವನಿಮುದ್ರಿಕೆ ತಂದ ಮೇಲೆ ಕೇಳುಗರು ಮೆಲ್ಲಗೆ ಹುಟ್ಟುತ್ತಿದ್ದಾರೆ. ನಮ್ಮ ಪಾಲಿನ ಕೆಲಸ ಅದಕ್ಕಿಂತ ಸಣ್ಣದು. ಪ್ರತಿದಿನ ಬೆಳಿಗ್ಗೆ ಟ್ಯೂನು ಮುಗಿದ ಮೇಲೆ ನಿಲಯದ ಹೆಸರು ಹೇಳುತ್ತಾರೆ, ತರಂಗಾಂತರ ಹೇಳುತ್ತಾರೆ, ದಿನಾಂಕ ಹೇಳುತ್ತಾರೆ. ವರ್ಷಕ್ಕೊಮ್ಮೆ, ಏಪ್ರಿಲ್ 1ರಂದು, ಈಗ ನೀವು ಕೇಳಿದ್ದು ಕೌಫ್‌ಮನ್‌ನದೆಂದು ಪ್ರತೀತಿಯಿರುವ ಟ್ಯೂನು, ಪಿಟೀಲು ಮೆಹ್ಲಿ ಮೆಹ್ತಾ ಅವರದೆನ್ನುತ್ತಾರೆ ಎಂದು ಮೈಸೂರು ಆಕಾಶವಾಣಿಯಾದರೂ ಒಂದು ಮಾತು ಹೇಳಲಿ. ಹತ್ತು ಸೆಕೆಂಡು ಸಾಕು.